ಹೊಳೆಯಾಚೆಯ ಊರು ಹುಡುಕಿದ ವೈನಿ

ನಮ್ಮಣ್ಣನ ಹೆಂಡತಿ ಸುಮಿತ್ರಾ ವೈನಿ ಕಿಟಕಿಯ ಗಾಜಿಗೆ ಎರಡು ನಕಾಶೆಗಳನ್ನು ಒಂದರ ಮೇಲೊಂದು ಅಂಟಿಸಿ, ಮೂಗು ತಾಗುವಷ್ಟು ಹತ್ತಿರ ನಿಂತರೆಂದರೆ ಮುಗಿಯಿತು. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಬಿದ್ದರೂ ಅರಿವಿರುತ್ತಿರಲಿಲ್ಲ. ಓಣಿಯಲ್ಲಿ ಹೋಗುವವರು, "ಅಕ್ಕೋರು ಮತ್ತ ಕಿಡಕಿಗೆ ಅಂಟ್ಯಾರ ನೋಡ್ರಿ" ಎಂದು ನಗುತ್ತಿದ್ದರು. ನಗಲಿ ಬಿಡಿ. ಎಪ್ಪತ್ತರ ದಶಕದ ಬಾಗಲಕೋಟೆಯಲ್ಲಿ ಭೂಗೋಳ ಕಲಿಸುವ ಅಕ್ಕೋರು ಇಂಥವರು ಇನ್ನೊಬ್ಬರಿದ್ದರೆ ತೋರಿಸಲಿ ನೋಡೋಣ!

ಹಳೆಯ ನಕಾಶೆ ಬರೆದವರು ವೈನಿಯ ಅಜ್ಜ. ಬ್ರಿಟಿಷರ ಕಾಲದಲ್ಲಿ ಮೋಜಣಿ ಕೆಲಸದಲ್ಲಿದ್ದು, ಹುನಗುಂದ, ಬಾದಾಮಿ ಸೀಮೆಯನ್ನೆಲ್ಲ ನಡೆದು ಅಳೆದವರು. ಅವರು ಕೈಯಿಂದ ಬರೆದದ್ದು ಸರ್ಕಾರದ ಹೊಸ ನಕಾಶೆಗೆ ಎಷ್ಟು ಹೊಂದುತ್ತದೆಂದು ನೋಡುವುದೇ ವೈನಿಯ ಹುಚ್ಚು. ಹಳೆಯದನ್ನು ಚೌಕ ಹಾಕಿಕೊಂಡು, ಹೊಸದರ ಅಳತೆಗೆ ತೆಳು ಕಾಗದದ ಮೇಲೆ ಇಳಿಸುವರು. ಆಮೇಲೆ ನನ್ನತ್ತ ತಿರುಗಿ, "ಊರು ನಿಂದ್ರಲಿ ಬಸೂ, ಮೊದಲ ಗುಡ್ಡ ಕೂಡಿಸು" ಎನ್ನುವರು. ಗುಡ್ಡಗಳು ಒಂದರ ಮೇಲೊಂದು ಕೂತರೆ, ಯಾವ ಊರು ಎಷ್ಟು ಸರಿದಿದೆ ಎಂಬುದು ತಾನೇ ಕಾಣುತ್ತಿತ್ತು.

ಹೆಚ್ಚಿನ ಊರುಗಳು ಕೂಡಿದವು. ಐಹೊಳೆ ಕಡೆಯ ಒಂದು ಊರು ಮಾತ್ರ ಅಜ್ಜನ ನಕಾಶೆಯಲ್ಲಿ ಹೊಳೆಯ ಆಚೆ ದಂಡೆಗಿತ್ತು, ಹೊಸದರಲ್ಲಿ ಈಚೆ ದಂಡೆಗೆ. ಶಿಕ್ಷಕರ ಸಭೆಯಲ್ಲಿ ವೈನಿ ಈ ಹೋಲಿಕೆಯನ್ನು ಮಂಡಿಸುವವರಿದ್ದರು. ಮೊದಲೇ ಅದನ್ನು ನೋಡಿದ ಹಿರಿಯ ಮಾಸ್ತರರೊಬ್ಬರು, "ಅಕ್ಕೋರ, ನಿಮ್ಮಜ್ಜ ಆ ಊರಿಗೆ ಹೋಗೇ ಇಲ್ಲ. ಮನ್ಯಾಗ ಕುಂತ ಚುಕ್ಕಿ ಇಟ್ಟಾರ" ಎಂದು ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿಯಿತು. ವೈನಿ ನಕಾಶೆಗಳನ್ನು ಸುತ್ತಿಕೊಂಡರು. ಮನೆಗೆ ಬಂದು ಊಟವನ್ನೂ ಮಾಡಲಿಲ್ಲ. "ಅಜ್ಜ ಸುಳ್ಳ ಬರದಿದ್ರ ಅದನ್ನೂ ಸಭಾದಾಗ ಹೇಳತೇನಿ. ಆದರ ಹೋಗಿ ನೋಡಲಾರದ ಹೇಳಂಗಿಲ್ಲ. ನಡಿ" ಅಂದರು.

ನನ್ನ ಫಟಫಟಿಯ ಹಿಂದೆ ಕೂತು, ನಕಾಶೆಯ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಹೊರಟರು. ನಾವು ಹೋದಾಗ ಊರಲ್ಲಿ ಮದುವೆ. ಮದುಮಗನನ್ನು ಬಾಜಾಬಜಂತ್ರಿ ಸಮೇತ ಹೊಳೆಯತ್ತ ಕರೆದೊಯ್ಯುತ್ತಿದ್ದರು. ಎಲ್ಲಿಗೆಂದು ಕೇಳಿದರೆ ವಯಸ್ಸಾದವಳೊಬ್ಬಳು ಹೇಳಿದಳು: "ಆಚಿ ದಂಡಿ ಹಣಮಪ್ಪನ ಗುಡಿಗಿ ಯವ್ವಾ. ನಮ್ಮ ಊರು ಮೊದಲ ಅಲ್ಲೇ ಇತ್ತು. ಹೊಳಿ ಬಂದು ಮನಿ ಹೋದಮ್ಯಾಲ ಮಂದಿ ಈಕಡೆ ಬಂದ್ರು. ದೇವರನ್ನ ಕಿತ್ತ ತರಾಕ ಆಗತೈತೇನು? ಅವಗ ಕಾಯಿ ಒಡದ ಮ್ಯಾಲೇ ಅಕ್ಕಿಕಾಳು ಬೀಳೂದು, ಲಗ್ನ ಆಗೂದು."

ವೈನಿ ಸೀರೆ ಎತ್ತಿಕಟ್ಟಿ, ಮೊಣಕಾಲುದ್ದ ನೀರಲ್ಲಿ ಆ ದಿಬ್ಬಣದ ಹಿಂದೆಯೇ ದಾಟಿದರು. ಆಚೆ ಮುರಿದ ಗೋಡೆಗಳ ನಡುವೆ ಗುಡಿ. ನಕಾಶೆ ಬಿಚ್ಚಿ, ಸುತ್ತಲಿನ ಗುಡ್ಡಗಳನ್ನು ಒಂದೊಂದಾಗಿ ತಾಳೆ ನೋಡಿದರು. ಅಜ್ಜನ ಚುಕ್ಕೆ ನಾವು ನಿಂತ ಜಾಗಕ್ಕೇ ಇತ್ತು. "ಬಂದಿದ್ದ ಬಸೂ! ನಮ್ಮಜ್ಜ ಇಲ್ಲಿತನಕಾ ಬಂದಿದ್ದ!" ಎಂದು ಮದುಮಗನ ಎದುರೇ ಅತ್ತುಬಿಟ್ಟರು.

ಸಭೆಯಲ್ಲಿ ಇದನ್ನು ಹೇಳಿದಾಗ ಆ ಹಿರಿಯ ಮಾಸ್ತರರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಾರದೇ ವೈನಿ? ಇಳಕಲ್ಲಿನ ಕಡೆಯ ಹಳ್ಳವೊಂದನ್ನು ಅಜ್ಜ ಖಂಡಿತ ತಪ್ಪು ಬರೆದಿದ್ದಾರೆಂದೂ ತೋರಿಸಿದರು! "ಅದನ್ಯಾಕ ಹೇಳಿದ್ರಿ ವೈನಿ?" ಎಂದು ನಾನು ರೇಗಿದರೆ, "ಹುಚ್ಚಪ್ಪಾ, ಇದನ್ನ ಮುಚ್ಚಿಟ್ರ ಅದನ್ನ ಯಾರು ನಂಬತಾರು?" ಎಂದರು. ಅಂಥವರು ನಮ್ಮ ಮನೆಗೆ ಸೊಸೆಯಾಗಿ ಬಂದರಲ್ಲ ಎಂದು ನನಗೆ ಇವತ್ತಿಗೂ ಹೆಮ್ಮೆ.

ಎಂಬತ್ತರ ದಶಕದ ಕೊನೆಗೆ ವೈನಿ ಹಾಸಿಗೆ ಹಿಡಿದರು. ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಗೂ ಬರುತ್ತದೆಂಬ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ದಿಂಬಿಗೆ ಒರಗಿಕೊಂಡೇ ಓಣಿ, ಬಾವಿ, ಕಟ್ಟೆ, ನಮ್ಮ ಮನೆ ಎಲ್ಲದರ ನಕಾಶೆ ಬರೆದರು. ಕೊನೆಯ ಸಲ ಮಾತಾಡಿಸಲು ಹೋದಾಗ ಅದನ್ನು ನನ್ನ ಕೈಗಿಟ್ಟು, "ಮುಂದ ಯಾರರೆ ಇದನ್ನ ನೋಡಿ ಸುಮಿತ್ರಾ ತಪ್ಪ ಬರದಾಳ ಅಂತಾರ. ನೀ ಸಿಟ್ಟಿನ ಮನಶ್ಯಾ, ಜಗಳಾ ತೆಗಿಬ್ಯಾಡ. ನೀರಿನ ದಂಡಿಗೆ ಕರಕೊಂಡು ಹೋಗಿ ತೋರಿಸು" ಅಂದರು.

ಈಗ ವೈನಿಯೂ ಇಲ್ಲ, ಓಣಿಯೂ ಇಲ್ಲ. ಮೊನ್ನೆ ಅವರ ಮೊಮ್ಮಗಳು ಅದೇ ನಕಾಶೆಯನ್ನು ಈಗಿನ ಹೊಸ ನಕಾಶೆಯ ಪಕ್ಕ ಹಿಡಿದು, "ಅಜ್ಜಾ, ಇಲ್ಲಿ ಬರೇ ನೀರೈತಿ. ಅಜ್ಜಿ ತಪ್ಪ ಬರದಾಳ" ಅಂದಳು. ನಾನು ಜಗಳ ತೆಗೆಯಲಿಲ್ಲ. ಅವಳ ಕೈಹಿಡಿದು ದಂಡೆಗೆ ಕರೆದೊಯ್ದು, ನೀರಿನತ್ತ ಬೆರಳು ಮಾಡಿದೆ. ಜೋರಾಗಿಯೇ ಹೇಳಿದೆ: "ಇಲ್ಲೇ ಇತ್ತವಾ ನಮ್ಮ ಮನಿ. ನಿಮ್ಮಜ್ಜಿ ಖರೇನ ಬರದಾಳ."