ಹಿಂಡಿ ಡಬ್ಬಿಯ ತಳದ ಗುಳಿಗೆ

ಅತ್ತೆಯ ಮೇಲೆ ನನಗಿದ್ದ ದೊಡ್ಡ ಸಿಟ್ಟೆಂದರೆ, ಆಕೆ ನನ್ನನ್ನು ಒಲೆಯ ಮುಂದೆ ಕೂಡಗೊಡುತ್ತಿರಲಿಲ್ಲ. ಬಾವಿಗೂ ಕಳಿಸುತ್ತಿರಲಿಲ್ಲ. ಆಲಮೇಲದ ಆ ಮನೆಗೆ ಸೊಸೆಯಾಗಿ ಬಂದು ಎರಡು ಹಡೆದರೂ ರೊಟ್ಟಿ ಬಡಿಯುವುದು ಆಕೆಯೇ, ನೀರು ಸೇದುವುದು ಆಕೆಯೇ. ನಾನು ಮಾತ್ರ ಜೋಳ ಹಸನು ಮಾಡುತ್ತ ಕೂಡಬೇಕು. ‘ನನ್ನ ಕೈಗೇನ ರೋಗ ಬಡದೈತಿ?’ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ರೋಗವಿದ್ದದ್ದು ಕೈಗಲ್ಲ. ಚಿಕ್ಕವಳಿದ್ದಾಗಿನಿಂದ ನನಗೆ ಫಿಟ್ಸ್ ಬರುತ್ತಿತ್ತು. ಲಗ್ನದಲ್ಲಿ ತವರಿನವರು ಅದನ್ನು ಮುಚ್ಚಿಟ್ಟರು. ಅವ್ವ ಅಗರಖೇಡದಿಂದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯ ತಳದಲ್ಲಿ ಗುಳಿಗೆಯ ಪೊಟ್ಟಣ ಇಟ್ಟು ಕಳಿಸುತ್ತಿದ್ದಳು. ದಿನಾ ಕದ್ದು ನುಂಗುತ್ತಿದ್ದೆ. ಗೊತ್ತಾದರೆ ಗಂಡ ತವರಿಗೆ ಅಟ್ಟುತ್ತಾನೆಂಬ ಅಂಜಿಕೆ.

ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದೆ. ಇನ್ನೊಂದು ಬಸಿರು ನಿಂತರೆ ಜೀವ ಉಳಿಯುವುದು ಕಷ್ಟ ಎಂದಿದ್ದರು ಸಿಂದಗಿಯ ಡಾಕ್ಟರ್ ಬಾಯಿ. ಅದು ಎಪ್ಪತ್ತೇಳನೇ ಇಸವಿಯೋ ಎಪ್ಪತ್ತೆಂಟೋ ಇರಬೇಕು. ಕೂಸು ಮೊಲೆ ಬಿಟ್ಟ ಮೇಲೆ, ಮಕ್ಕಳಾಗದ ಗುಳಿಗೆ ಬರೆಸಲು ಅತ್ತೆಯೇ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದಳು.

“ಬ್ಯಾರೆ ಏನರ ಗುಳಿಗಿ ತಗೋತೀ ಏನವಾ?” ಎಂದು ಡಾಕ್ಟರ್ ಬಾಯಿ ಕೇಳಿದರು.

“ಇಲ್ಲರಿ,” ಎಂದೆ.

ಅವರು ಚೀಟಿ ಬರೆಯತೊಡಗಿದರು. ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡು, “ತಗೋತಾಳ್ರಿ. ಫಿಟ್ಸಿಂದು. ದಿನಾ ತಗೋತಾಳ,” ಎಂದಳು.

ಮುಗಿಯಿತು ನನ್ನ ಸಂಸಾರ ಅಂದುಕೊಂಡೆ.

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. “ಹೇಳಿದ್ದು ಭಾಳ ಚಲೋ ಆತು. ಆ ಗುಳಿಗಿ ಈ ಗುಳಿಗಿ ಕಸುವು ತಿಂದುಬಿಡ್ತೈತಿ. ಇದನ್ನ ನುಂಗಿದ್ರೂ ಬಸಿರು ನಿಲ್ಲಬಹುದಿತ್ತು. ಫಿಟ್ಸಿಂದು ಮಾತ್ರ ಬಿಡಬ್ಯಾಡ. ಇದರ ಬದ್ಲಿ ಬಸಿರು ನಿಲ್ಲದಂಗ ಒಳಗ ವಂಕಿ ಹಾಕ್ತೇನಿ.”

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆವು. ನನಗೆ ಅಳು ತಡೆಯಲಾಗಲಿಲ್ಲ.

“ನಿಮಗ ಹ್ಯಾಂಗ ಗೊತ್ತಾತ್ರಿ?”

“ನೀ ಬಂದ ವರ್ಷನ ಹಿತ್ತಲದಾಗ ಬಿದ್ದು ಒದ್ದಾಡಿದ್ದಿ. ನಿನಗ ಖಬರಿರಲಿಲ್ಲ. ಹಸದು ಚಕ್ಕರ ಬಂದೈತಿ ಅಂತ ಎಲ್ಲಾರಿಗೂ ಹೇಳಿದ್ನಿ. ನೀ ದಿನಾ ಕದ್ದು ಗುಳಿಗಿ ನುಂಗೂದೂ ಕಂಡೀನಿ. ಹಿಂಡಿ ಡಬ್ಬಿಗೆ ಒಂದ್ ದಿನಾರ ಕೈ ಹಚ್ಚೇನೇನು?”

“ಅವರಿಗೆ ಗೊತ್ತಾದ್ರ?”

“ನನ್ನ ಮಗಗ ನಾ ಹೇಳ್ತೇನಿ. ನೀ ಅಂಜಬ್ಯಾಡ.”

ಅಷ್ಟಾದರೂ ನನ್ನ ಹಳೆಯ ಸಿಟ್ಟು ಸುಮ್ಮನಿರಲಿಲ್ಲ. “ಮತ್ತ ಇಷ್ಟ್ ವರ್ಷ ನನ್ನ ಒಂದ್ ರೊಟ್ಟಿನೂ ಬಡೀಗೊಡಲಿಲ್ಲಲ್ರಿ!” ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದಳು.

“ಅಯ್ಯ ಹುಚ್ಚಿ, ಒಲಿ ಮುಂದ ಕುಂಡ್ರಿಸಿ, ನೀ ಬೆಂಕ್ಯಾಗ ಬಿದ್ದಿದ್ರ, ನಿಮ್ಮವ್ವಗ ನಾ ಏನ್ ಹೇಳಬೇಕಿತ್ತು?”