ವೆಂಕೂಬಾಯಿಯವರ ನಾಲಿಗೆ ಮತ್ತು ನನ್ನ ಎರಡನೆಯ ಬಟ್ಟಲು

“ಏ ಮೇಧಾ, ವೆಂಕೂಬಾಯಾರ ನಾಲಗಿ ಹೋಗೇತಂತ! ಇನ್ನ ಬಿಡಿ ಚಹಾನ ಬ್ಯಾಡ, ಪಾಕೀಟ್ ತರಸೂಣು ಅಂತ ಸಮಿತಿಯವ್ರು ಮಾತಾಡಾಕತ್ತಾರ!”

“ಖರೇನ ಕೊಟ್ರೇಶಣ್ಣ?”

“ನಾನ ಕಿವ್ಯಾರೆ ಕೇಳೇನಿ.”

ರಾಣೆಬೆನ್ನೂರಿನ ನಮ್ಮ ಸಹಕಾರಿ ಭಂಡಾರದಲ್ಲಿ ಚಹಾ ತೂಗಿ ಕಟ್ಟುವ ಕೊಟ್ರೇಶಣ್ಣ ಇಂದು ಮಧ್ಯಾಹ್ನ ಇದನ್ನು ಹೇಳಿದ ಕೂಡಲೇ, ವೆಂಕೂಬಾಯಿಯವರ ಈ ಅಭಿನಂದನ ಗ್ರಂಥಕ್ಕೆಂದು ಮೊಬೈಲಿನಲ್ಲಿ ಬರೆದಿಟ್ಟಿದ್ದ ನಾಲ್ಕು ಸಾಲುಗಳನ್ನು ಅಳಿಸಿಬಿಟ್ಟೆ. ಅವುಗಳಲ್ಲಿ ‘ಎಂದೂ ತಪ್ಪದ ನಾಲಿಗೆ’ ಎಂಬ ಮಾತಿತ್ತು. ಅದು ಹೋಗಿದ್ದರೆ ಏನು ಬರೆಯುವುದು? ಹೋಗಿಲ್ಲದಿದ್ದರೆ ಅವರು ಹೋದ ವಾರ ಸಮಿತಿಯೆದುರು ಏನೂ ತಿಳಿಯದೆಂದದ್ದೇಕೆ? ನನಗೆ ಒಂದೂ ಬಗೆಹರಿಯಲಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮೂರು ಭಂಡಾರಗಳಿಗೆ ಮೂವತ್ಮೂರು ವರ್ಷ ಎಲೆ ಚಹಾ ಆಯ್ದುಕೊಟ್ಟು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವೆಂಕೂಬಾಯಿಯವರು, ಅಸ್ಸಾಮಿನದು, ನೀಲಗಿರಿಯದು, ಡಾರ್ಜಿಲಿಂಗಿನದು ಎಂದು ಬಂದ ಮಾದರಿಗಳನ್ನು ಹಾಲು ಸಕ್ಕರೆಯಿಲ್ಲದೆ ಬಿಳಿ ಬಟ್ಟಲುಗಳಲ್ಲಿ ಸಾಲಾಗಿಟ್ಟು, ಚಮಚದಿಂದ ಸೊರ್ರೆಂದು ಸೆಳೆದು ಉಗುಳಿ, ಒಂದರಲ್ಲಿ ಜೋನಿಬೆಲ್ಲವನ್ನೂ ಇನ್ನೊಂದರಲ್ಲಿ ನಿಂಬೆಸಿಪ್ಪೆಯನ್ನೂ ಮತ್ತೊಂದರಲ್ಲಿ ಹುರಿದ ಜೋಳವನ್ನೂ ಗುರುತಿಸಬಲ್ಲವರು.

ಸೇವೆಯ ಮೊದಲ ವರ್ಷಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನ ಬಾಗಿಲಲ್ಲಿ ಚಹಾ ಮಾರುವ ಜೈತೂನಬಿ “ನಿಮ್ಮ ಚಹಾ ಮಬ್ಬ ಆಗತೈತ್ರಿ ಬಾಯಾರ, ರುಚಿನ ಇಲ್ಲ” ಎಂದು ದೂರಿದಾಗ, ಅವರು ಸಿಟ್ಟಾಗದೆ ಬಸ್ಸು ಹತ್ತಿ ಹೋಗಿ, ಆಕೆಯ ಒಲೆಯ ಮುಂದೆ ಕುಳಿತು, ತಪ್ಪು ಎಲೆಯದಲ್ಲ, ಬೋರಿನ ನೀರಿನದೆಂದು ಕಂಡುಕೊಂಡರಂತೆ. ಅಂದಿನಿಂದ ಬ್ಯಾಡಗಿಯ ಚಹಾವನ್ನು ಬ್ಯಾಡಗಿಯ ನೀರಿನಲ್ಲೇ ಕುದಿಸಿ ಆಯ್ದರು. ಆ ನೀರಿನ ಕ್ಯಾನು ಹೊತ್ತು ತರುತ್ತಿದ್ದವರೂ ಅವರೇ.

ಕಾಲೇಜಿನ ಪ್ರಾಜೆಕ್ಟಿಗೆಂದು ಹೋದ ನನ್ನನ್ನು ಅವರು ಶಿಷ್ಯೆಯಾಗಿ ಉಳಿಸಿಕೊಂಡರು. ಅವರದೊಂದು ಪದ್ಧತಿಯಿದೆ: ರುಚಿಯನ್ನು ಎಲ್ಲರಿಗಿಂತ ಕಿರಿಯರು ಮೊದಲು ಹೇಳಬೇಕು, ತಾವು ಕೊನೆಗೆ. “ನಾ ಮೊದಲ ಹೇಳಿದರ ನೀನೂ ಅದನ್ನ ಹೇಳ್ತಿ” ಎನ್ನುತ್ತಿದ್ದರು.

ಹೋದ ವಾರ ಮೂರು ಮಾದರಿಗಳನ್ನು ನನ್ನ ಕೈಗೇ ಕೊಟ್ಟು, ಮನೆಯಲ್ಲಿ ನೋಡಿಕೊಂಡು ಬಾ ಎಂದರು. ಮರುದಿನ ನಾನು ಮರಳಿ ತಂದ ಅವನ್ನೇ ಭಂಡಾರದ ಸಮಿತಿಯ ಮುಂದೆ ಕುದಿಸಲಾಯಿತು. ಸಮಿತಿಯೆದುರು ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಎರಡನೆಯ ಬಟ್ಟಲಿಗೆ “ಇದರಾಗ ಏನೋ ಚುರುಕ್ ಐತ್ರಿ! ಎಲ್ಲಾಕ್ಕಿಂತ ಇದ ಚಲೋ!” ಎಂದು ಕುಣಿದುಬಿಟ್ಟೆ. ಅಧ್ಯಕ್ಷ ವಿಜಯೇಂದ್ರ ಅವರು “ಹೌದ್ಹೌದು, ಚುರುಕ್ ಅದ” ಎಂದರು; ಉಳಿದವರೂ ತಲೆಯಾಡಿಸಿದರು. ವೆಂಕೂಬಾಯಿಯವರು ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನನಗಿವತ್ತ ಏನೂ ತಿಳೀವಲ್ತು” ಎಂದು ಚಮಚ ಕೆಳಗಿಟ್ಟರು. ನಾಲಿಗೆ ಹೋಯಿತೆಂಬ ಮಾತು ಹುಟ್ಟಿದ್ದು ಅಲ್ಲಿಯೇ.

ಇಂದು ಸಂಜೆ ಬ್ಯಾಡಗಿಯ ಮನೆಗೆ ಬಂದು, ಅವರಿಗೆ ತಿಳಿಯದ ಆ ಚುರುಕು ನನಗೆಲ್ಲಿಂದ ಬಂತೆಂದು ಯೋಚಿಸುತ್ತ, ಮಾದರಿಗಳನ್ನು ಆ ದಿನ ಒಯ್ದಿದ್ದ ಚೀಲವನ್ನು ಕೊಡವಿದೆ. ತಳದಿಂದ ಕೆಂಪು ಪುಡಿ ಉದುರಿತು. ಅದರೊಂದಿಗೆ ನಾಲ್ಕು ಚಹಾ ಎಲೆ. ಅಪ್ಪ ಮೆಣಸಿನಕಾಯಿಯ ಮಾದರಿ ಒಯ್ಯುವ ಚೀಲವದು. ಎರಡನೆಯ ಪೊಟ್ಟಣದ ಕಾಗದ ಅದರೊಳಗೇ ಹರಿದಿತ್ತು. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಬೆಳೆದ ನನ್ನ ಮೂಗಿಗೆ ಅದು ವಾಸನೆಯೆಂದೇ ಅನ್ನಿಸಿರಲಿಲ್ಲ.

ಕೂಡಲೇ ಫೋನು ಮಾಡಿದೆ. “ಬಾಯಾರ, ಆ ಚುರುಕು ಚಹಾದ್ದಲ್ರಿ, ನಮ್ಮಪ್ಪನ ಚೀಲದ್ದು!”

ಅವರು ನಕ್ಕರು. “ಅವತ್ತ ಗೊತ್ತಾತು. ಚಲೋ ಕಾಯಿ, ಖಾರ ಕಡಿಮಿ.”

“ಮತ್ತ ಯಾಕ ಹೇಳಲಿಲ್ರಿ? ಮಂದಿ ನಿಮ್ಮ ನಾಲಗಿ ಹೋತು ಅನ್ನಾಕತ್ತಾರ!”

“ನನ್ನ ಹೆಸರು ಮೂವತ್ಮೂರು ವರ್ಷದ್ದು, ಒಂದು ವಾರ ತಡೀತದ. ನಿಂದು ಮೊದಲನೇ ದಿನ ಇತ್ತಲ್ಲ ತಂಗಿ.”

ಇದಕ್ಕೆ ಕ್ಷಮೆ ಕೇಳಬೇಕೋ ಕೈಮುಗಿಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಅಳಿಸಿದ ನಾಲ್ಕು ಸಾಲುಗಳನ್ನು ಮಾತ್ರ ಮತ್ತೆ ಬರೆಯುತ್ತಿದ್ದೇನೆ: ಅವರದು ಎಂದೂ ತಪ್ಪದ ನಾಲಿಗೆ. ಅದಕ್ಕೆ ಇನ್ನೂ ನೂರಾರು ತೋಟಗಳ ಎಲೆ ದಕ್ಕಲಿ, ಅವರ ಬಿಳಿ ಬಟ್ಟಲುಗಳು ಎಂದೂ ಕಪಾಟು ಸೇರದಿರಲಿ, ಸೊರ್ರೆಂಬ ಆ ಸದ್ದು ಬಹುಕಾಲ ನಮಗೆ ಕೇಳುತ್ತಿರಲಿ.

“ಸಮಿತಿಗೆ ನೀವ ಹೇಳ್ರಿ ಬಾಯಾರ, ನನಗ ಅಂಜಿಕಿ ಬರ್ತೈತಿ” ಎಂದು ಫೋನಿಡುವ ಮೊದಲು ಕೇಳಿಕೊಂಡಿದ್ದೆ.

“ನಾಳೆ ಮುಂಜಾನೆ ಏಳಕ್ಕ ಭಂಡಾರಕ್ಕ ಬಾ. ಎಲ್ಲಾರನ್ನೂ ಕರೀತೀನಿ, ಮೂರೂ ಚಹಾ ಮತ್ತ ಕುದಸೋಣ. ಆ ಚೀಲಾನೂ ತಾ. ನಮ್ಮ ಪದ್ಧತಿ ಗೊತ್ತದ ಅಲ್ಲ? ಮೊದಲ ನೀನ ಹೇಳಬೇಕು.”