ಹಾಲು ಕರೆಯುವ ಹೊತ್ತು

ನಾಲೆಗೆ ನೀರು ಬಿಡಿ ಎಂದು ನಮ್ಮೂರಿನವರೆಲ್ಲ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ತಡೆದು ಕೂತಿದ್ದೆವು. ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಪೊಲೀಸರು ಎಷ್ಟು ಬೇಡಿಕೊಂಡರೂ ಯಾರೂ ಜಗ್ಗಲಿಲ್ಲ. ಸಂಜೆ ನಾಲ್ಕಕ್ಕೆ ದೊಡ್ಡಪ್ಪ, "ಆಲು ಕರೆಯೋ ಒತ್ತಾಯ್ತು, ನಡೀರ್ಲಾ" ಎಂದು ಟವೆಲ್ ಕೊಡವಿ ಎದ್ದ. ಅವನ ಹಸು ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಮನೆಮನೆಯಲ್ಲೂ ಹಸುವಿತ್ತು, ಎಲ್ಲರೂ ಎದ್ದೆವು.

ದೊಡ್ಡಪ್ಪನ ಮೇಲೂ ನನ್ನ ಮೇಲೂ ಕೇಸು ಬಿತ್ತು. ಅಲ್ಲಿರಲೇ ಇಲ್ಲ ಎನ್ನಿ ಎಂದು ವಕೀಲರು ಹೇಳಿಕೊಟ್ಟಿದ್ದರು. ಆದರೆ ಪೊಲೀಸರು ನಮ್ಮನ್ನು ಚದುರಿಸಿದರು ಎಂದು ಕೋರ್ಟಿನಲ್ಲಿ ಓದಿದ್ದೇ ತಡ, ದೊಡ್ಡಪ್ಪ ಕೆರಳಿದ.

"ಸುಳ್ಳು ಸ್ವಾಮಿ! ರಸ್ತೆ ತಡ್ದೋರೂ ನಾವೇ, ಎದ್ದೋದೋರೂ ನಾವೇ. ನಮ್ಮನ್ನ ಯಾವನೂ ಎಬ್ಬಿಸ್ಲಿಲ್ಲ."

ನನಗೂ ಮೈ ಉರಿದಿತ್ತು. "ನಿಜ ಸ್ವಾಮಿ" ಎಂದೆ. ವಕೀಲರು ಹಣೆ ಚಚ್ಚಿಕೊಂಡರು.

ದಂಡದ ಜೊತೆಗೆ, ಸಂಜೆ ಕೋರ್ಟು ಏಳುವವರೆಗೂ ಅಲ್ಲೇ ಕೂತಿರುವ ಶಿಕ್ಷೆಯಾಯಿತು. ಇಷ್ಟೇನಾ ಎಂದು ನಾನು ಒಳಗೊಳಗೇ ನಕ್ಕೆ. ಗಡಿಯಾರ ನಾಲ್ಕು ತೋರಿಸಿತು. ಎದ್ದು ನಿಂತ ದೊಡ್ಡಪ್ಪನನ್ನು ಪೇದೆ ಹೆಗಲು ಹಿಡಿದು ಕೂರಿಸಿದ. ಐದಾಯಿತು. ದೊಡ್ಡಪ್ಪ ಮೆಲ್ಲಗೆ ಅಂದ:

"ಅವತ್ತು ಬಸ್ಸಲ್ಲಿ ಕೂತಿದ್ದೋರ್ಗೂ ಯಾವ್ಯಾವ ಒತ್ತು ಮೀರೋಗಿತ್ತೋ ಕಣ್ಲಾ."